ಸಮಾಧಾನದ ಗರ

ಗುಬ್ಬಿಯ ಹುಡುಗಿ ಒಂದು ಆಟ ಬರೆದಿದ್ದಾಳೆ ಎಂದರೆ ನಮ್ಮ ಕಡೆಯ ಜನ ನಾಟಕ ಅಂದುಕೊಳ್ಳುತ್ತಿದ್ದರು. ನಾಟಕ ಅಲ್ಲ, ಕಂಪ್ಯೂಟರ್ ಆಟ ಎಂದರೆ ಮುಖದ ಮೇಲಿದ್ದ ಗೌರವ ಅರ್ಧ ಇಳಿಯುತ್ತಿತ್ತು. ಅದೂ ಚೌಕಾಬಾರ ಎಂದರೆ ಉಳಿದರ್ಧವೂ ಹೋಗುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಣಸೆ ಬೀಜ ಎಸೆದು ಆಡುವ ಆಟಕ್ಕೆ ಕಂಪ್ಯೂಟರ್ ಯಾಕೆ ಎಂದು ಕೇಳದವರಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಪ್ರತಿ ಸಲವೂ ಜಗಳಕ್ಕೆ ನಿಲ್ಲುತ್ತಿದ್ದೆ. ಹತ್ತು ಹನ್ನೆರಡು ವರ್ಷ ಆ ಆಟವನ್ನು ಸಾಕಿದ ಮೇಲೆ ಒಂದು ದಿನ ಅದೇ ಪ್ರಶ್ನೆ ನನಗೂ ಬಂತು. ಆಗ ನನ್ನ ಹತ್ತಿರ ಕೋಪಿಸಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆಗ ಲ್ಯಾಬ್ ಎಂದರೆ ದೇವರಮನೆ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಏಸಿ, ಪ್ರತಿ ಮಾನಿಟರ್‌ಗೂ ಹೂವಿನ ಬಟ್ಟೆಯ ಮುಸುಕು. ಆಯುಧಪೂಜೆಯಲ್ಲಿ ಎಲ್ಲ ಕಂಪ್ಯೂಟರ್‌ಗಳ ಹಣೆಗೂ ಕುಂಕುಮ. ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಮೊಸರನ್ನದ ಡಬ್ಬಿ ಬೇಗ ಮುಗಿಸಿ, ಕೈ ತೊಳೆದು, ಮೂಲೆಯ ಕಂಪ್ಯೂಟರ್‌ನ ಮುಸುಕು ತೆಗೆಯುತ್ತಿದ್ದೆ. ಚೌಕಾಬಾರದ ಪ್ರೋಗ್ರಾಂ ಬರೆದದ್ದು ಹಾಗೆ, ಊಟದ ಬಿಡುವಿನಲ್ಲಿ. ಬರೆ ಎಂದು ಯಾರೂ ಹೇಳಿರಲಿಲ್ಲ. ಆ ಕಪ್ಪು ಪರದೆಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ತುಂಬಿ ‘ಗರ ಹಾಕಿ’ ಎಂದು ಬಿಡಿಸಿ, ಅದನ್ನು ಚುಕ್ಕಿ ಚುಕ್ಕಿಯಾಗಿ ಕಂಪ್ಯೂಟರ್‌ಗೆ ಹೇಳಿಕೊಟ್ಟೆ. ‘ಹಾ’ ಅಕ್ಷರದ ಸುರುಳಿ ಮಾತ್ರ ಕೊನೆಯವರೆಗೂ ಸೊಟ್ಟಗೇ ಉಳಿಯಿತು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಐದು ಸಾಲು, ಸಾಲಿಗೆ ಐದು ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹುಣಸೆ ಬೀಜವನ್ನು ಕಲ್ಲಿನ ಮೇಲೆ ಒಂದು ಪಕ್ಕ ಬೆಳ್ಳಗಾಗುವವರೆಗೆ ತೇದು, ಅಂಥ ನಾಲ್ಕು ಬೀಜವನ್ನು ಕೈಯಲ್ಲಿ ಕುಲುಕಿ ಎಸೆದರೆ ಅದು ಗರ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ಕಾಯಿ ನಡೆಯುತ್ತದೆ. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಹೊರಸುತ್ತು, ಒಳಸುತ್ತು ದಾಟಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ದಾರಿಯಲ್ಲಿ ಇನ್ನೊಬ್ಬರ ಕಾಯಿ ನಮ್ಮ ಕಾಯಿಯ ಮನೆಗೇ ಬಂದು ನಿಂತರೆ ಅವರು ನಮ್ಮನ್ನು ಕಡಿದ ಹಾಗೆ. ನಾವು ಮೊದಲಿನಿಂದ ಹೊರಡಬೇಕು. ಇಷ್ಟು ಎಲ್ಲ ಕಡೆಗೂ ಒಂದೇ. ಉಳಿದದ್ದು ಊರಿಗೊಂದು ಥರ, ಬೀದಿಗೊಂದು ಥರ.

ನಮ್ಮ ಗುಬ್ಬಿಯ ಮನೆಯಲ್ಲಿ ಒಂದು ನಿಯಮವಿತ್ತು. ತಾನು ಯಾರನ್ನೂ ಕಡಿಯದೆ, ಮೂರು ಸಲ ಕಡಿಸಿಕೊಂಡವರಿಗೆ ಒಂದು ಗರ ಜಾಸ್ತಿ. ಅದಕ್ಕೆ ಸಮಾಧಾನದ ಗರ ಎಂದು ಹೆಸರು. ನಾನು ಮಾತು ಕಲಿತಾಗಿನಿಂದ ಕೇಳಿದ ಹೆಸರು ಅದು. ಪ್ರೋಗ್ರಾಂಗೆ ಸೇರಿಸುವಾಗ ಸೇರಿಸಲೋ ಬೇಡವೋ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಸಾರಿಗೆ ಉಪ್ಪು ಹಾಕುವಾಗ ಯಾರು ಯೋಚಿಸುತ್ತಾರೆ?

ಹುಡುಗರು ನನಗೆ ಗೊತ್ತಿಲ್ಲದ ಹಾಗೆ ಅದನ್ನು ಫ್ಲಾಪಿಯಲ್ಲಿ ಎತ್ತಿಕೊಂಡು ಹೋದರು. ತುಮಕೂರಿನ ಬಿ.ಎಚ್. ರಸ್ತೆಯ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಆಡಿದರು, ಅಲ್ಲಿಂದ ಅದು ಗುಬ್ಬಿಗೆ ಹೋಯಿತು, ಕುಣಿಗಲ್‌ಗೆ ಹೋಯಿತು. ನನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ.

ಮದುವೆಯಾಗಿ ಕುಣಿಗಲ್‌ನ ಸೊಸೆಯಾದೆ. ಗಂಡನಿಗೂ ತುಮಕೂರಿನಲ್ಲೇ ಕೆಲಸವಾದ್ದರಿಂದ ಮನೆ ಮಾಡಿದ್ದು ತುಮಕೂರಿನಲ್ಲಿ. ಹಬ್ಬಕ್ಕೆ, ರಜಕ್ಕೆ ಕುಣಿಗಲ್. ಮೊದಲ ಹಬ್ಬಕ್ಕೆ ಹೋದಾಗ ಅತ್ತೆ ಊಟ ಆಗುತ್ತಲೇ ಸೆರಗು ಸಿಕ್ಕಿಸಿ ಹಜಾರದಲ್ಲಿ ಮನೆ ಬರೆದರು. “ಕಂಪ್ಯೂಟರ್‌ನಾಗೆ ಆಡ್ತೀಯಂತಲ್ಲ, ಬಾ, ನೆಲದ ಮೇಲೆ ಆಡು ನೋಡಣ” ಎಂದರು. ನನ್ನ ಕಾಯಿಗಳನ್ನು ಕೊತ್ತಂಬರಿ ಸೊಪ್ಪಿನ ಹಾಗೆ ಕಡಿದು ಹಾಕಿದರು. ಮೂರನೆಯದು ಹೋದ ಮೇಲೆ ನಾನು ಬೀಜಕ್ಕೆ ಕೈ ಚಾಚಿ, “ಸಮಾಧಾನದ ಗರ, ಅತ್ತೆ” ಎಂದೆ.

“ಯಾವ್ದು?”

ಹೇಳಿದೆ. ಅತ್ತೆ ನನ್ನನ್ನೇ ನೋಡಿದರು. “ಸೋತವ್ರಿಗೆ ಸಮಾಧಾನ ಹೇಳೋಕೆ ಇದೇನು ಸಾವಿನ ಮನೇನಾ? ಸೋತ್ರೆ ಸೋತೆ ಅಂತ ಎದ್ದೋಗ್ಬೇಕು ಕಣೇ” ಎಂದು ನನ್ನ ಕೈಯಿಂದ ಬೀಜ ತೆಗೆದುಕೊಂಡರು.

ಗುಬ್ಬಿಯಲ್ಲಿ ಯಾರನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕುಣಿಗಲ್‌ನಲ್ಲಿ, ಅಂದರೆ ಅತ್ತೆಯ ಕುಣಿಗಲ್‌ನಲ್ಲಿ, ಹೋಗಬಹುದು. “ಇನ್ನೊಬ್ಬರ್ನ ಓಡಿಸಿದ್ರೇನೇ ನಾವು ಒಳಗ್ ಹೋಗ್ಬೇಕಾ? ಎಂಥಾ ಊರೇ ನಿಮ್ದು” ಎಂದು ಅದಕ್ಕೂ ಬೈಸಿಕೊಂಡೆ. ವಾಪಸ್ ಬಂದವಳು ಮನೆಯಲ್ಲಿ ನೆಮ್ಮದಿ ಇರಲಿ ಎಂದು ಆಟಕ್ಕೆ ಎರಡು ಬಾಗಿಲು ಇಟ್ಟೆ: ‘ಗುಬ್ಬಿ ಆಟ’, ‘ಕುಣಿಗಲ್ ಆಟ’. ಅತ್ತೆಗೆ ತೋರಿಸಿದಾಗ ಅವರು ಕಣ್ಣು ಕಿರಿದು ಮಾಡಿ ನೋಡಿ ಕೇಳಿದ್ದು ಒಂದೇ: “ನಿಮ್ಮೂರು ಮೇಲೆ, ನಮ್ಮೂರು ಕೆಳಗಾ?”

ಎರಡು ಸಾವಿರ ಇಸವಿ ದಾಟಿದ ಮೇಲೆ ಇಂಟರ್ನೆಟ್ಟು ಬಂತು. ಆಟವನ್ನು ಹೊಸದಾಗಿ ತಿದ್ದಿ, ಒಂದು ಪುಟ ಮಾಡಿ, ಯಾರು ಬೇಕಾದರೂ ಇಳಿಸಿಕೊಳ್ಳಿ ಎಂದು ಇಟ್ಟೆ. ಕೆಳಗೆ ನನ್ನ ಮೇಲ್ ವಿಳಾಸ ಹಾಕಿದೆ. ಆ ಒಂದು ಸಾಲು ಹಾಕದಿದ್ದರೆ ನಾನು ಇನ್ನೂ ಹತ್ತು ವರ್ಷ ಆ ಕೆಲಸ ಮಾಡುತ್ತಿದ್ದೆನೋ ಏನೋ. ಮೊದಮೊದಲು ಬಂದ ಮೇಲ್‌ಗಳನ್ನು ಗಂಡನಿಗೆ ಓದಿ ಹೇಳುತ್ತಿದ್ದೆ. ಆಮೇಲೆ ಓದುವುದಕ್ಕೇ ಭಯವಾಗತೊಡಗಿತು. ಚಿಕ್ಕನಾಯಕನಹಳ್ಳಿ ಕಡೆ ಹೀಗೆ ಆಡುವುದಿಲ್ಲ, ತಕ್ಷಣ ಸರಿಪಡಿಸಿ. ನಿಮ್ಮ ಕಂಪ್ಯೂಟರ್‌ಗೆ ಮಾತ್ರ ಬಾರ ಬೀಳುತ್ತದೆ, ನಮಗೆ ಬೀಳುವುದಿಲ್ಲ, ಏನು ಮೋಸ. ನಮ್ಮ ತಾಯಿಗೆ ಅಕ್ಷರ ಕಾಣುವುದಿಲ್ಲ, ದೊಡ್ಡದು ಮಾಡಿ. ಹೋದ ವಾರ ಮೇಲ್ ಮಾಡಿದ್ದೆ, ಇನ್ನೂ ಉತ್ತರವಿಲ್ಲ, ಹೀಗಾದರೆ ಹೇಗೆ? ಅವರ ಮನೆಯಲ್ಲಿ ಕೆಲಸಕ್ಕಿದ್ದೆನೋ ಎನ್ನುವ ಹಾಗೆ ಬರೆಯುತ್ತಿದ್ದರು. ನಾನೂ ಹಾಗೇ ಉತ್ತರ ಕೊಡುತ್ತಿದ್ದೆ, ಕ್ಷಮಿಸಿ, ಈ ಭಾನುವಾರ ನೋಡುತ್ತೇನೆ ಎಂದು.

ಇವರಲ್ಲೆಲ್ಲ ಬಿಡದೆ ಬರೆಯುತ್ತಿದ್ದವರು ಮಂಡ್ಯದ ಒಬ್ಬ ಬ್ಯಾಂಕ್ ಗುಮಾಸ್ತರು. ಅವರ ಮೇಲ್‌ಗಳೆಲ್ಲ ‘ಮೇಡಂ, ಮತ್ತೆ ನಾನೇ’ ಎಂದು ಶುರುವಾಗುತ್ತಿದ್ದವು. ಅವರಿಗೆ ಸಮಾಧಾನದ ಗರ ಕಂಡರೆ ಆಗದು. ನಾನು ಗುಬ್ಬಿಯ ಇಬ್ಬರು ಸಹೋದ್ಯೋಗಿಗಳನ್ನು ವಿಚಾರಿಸಿದ್ದೇನೆ, ಅಂಥ ನಿಯಮ ಅಲ್ಲಿಲ್ಲ, ಇದು ಪ್ರೋಗ್ರಾಂನ ತಪ್ಪಿರಬೇಕು ಎಂದು ಬರೆದರು. ನಾನು ಉರಿದುಬಿದ್ದೆ. ಗುಬ್ಬಿಯಲ್ಲಿ ಹುಟ್ಟಿ ಬೆಳೆದವಳು ನಾನು, ನಮ್ಮ ಹಿರಿಯರಿಂದ ಬಂದ ನಿಯಮ ಅದು, ಗೊತ್ತಿಲ್ಲದಿದ್ದರೆ ಸುಮ್ಮನಿರಿ ಎಂದು ಉದ್ದಕ್ಕೆ ಉತ್ತರ ಬರೆದೆ. ಕೆಲವು ತಿಂಗಳಾದ ಮೇಲೆ ಮತ್ತೆ ಬಂತು, ‘ಮೇಡಂ, ಮತ್ತೆ ನಾನೇ’.

ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಕಾಲು ಎಳೆಯುವ ಹಾಗಾಯಿತು. ಮಾವ ಮೊದಲೇ ಹೋಗಿದ್ದರು. ಅತ್ತೆಯನ್ನು ತುಮಕೂರಿಗೆ ಕರೆದುಕೊಂಡು ಬಂದೆವು. ಮಾತು ಮಾತ್ರ ಏನೂ ಆಗಿರಲಿಲ್ಲ. ಡಾಕ್ಟರ್‌ಗೇ ಎರಡು ಮಾತು ಬೈದು ಬಂದಿದ್ದರು. ಹಗಲು ಹೊತ್ತು ನಾವಿಬ್ಬರೂ ಕೆಲಸಕ್ಕೆ ಹೋದರೆ, ಹೊತ್ತುಹೊತ್ತಿಗೆ ಬಂದು ಊಟ ಕೊಡುವ ಪಕ್ಕದ ಮನೆಯಾಕೆ ಬಿಟ್ಟರೆ ಅವರಿಗೆ ಯಾರೂ ಇಲ್ಲ. ಆಕೆಯ ಜೊತೆ ಚೌಕಾಬಾರ ಆಡಲು ನೋಡಿದರು. ಎಡಗೈಯಲ್ಲಿ ಎಸೆದ ಬೀಜ ಒಂದು ಮಂಚದ ಕೆಳಗೆ, ಒಂದು ಬಾಗಿಲ ಸಂದಿಗೆ. ಆಕೆ ಬಗ್ಗಿ ಹುಡುಕಿ ಹುಡುಕಿ ಬೇಸತ್ತು ಬಿಟ್ಟಳು. ಒಂದು ಸಂಜೆ ನಾನು ಬಂದಾಗ ಅತ್ತೆ ಬೀಜದ ಡಬ್ಬಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದರು.

ಆಟವನ್ನು ಅವರಿಗಾಗಿ ತಿದ್ದಿದೆ. ಒಂದೇ ಕೀ ಸಾಕು ಎನ್ನುವ ಹಾಗೆ ಮಾಡಿದೆ, ಕೀಬೋರ್ಡ್‌ನ ಕೆಳಗೆ ಉದ್ದಕ್ಕೆ ಇರುವ ಸ್ಪೇಸ್‌ಬಾರ್. ಒತ್ತಿದರೆ ಗರ, ಮತ್ತೆ ಒತ್ತಿದರೆ ಕಾಯಿ ನಡೆ. ಎರಡು ದಿನದಲ್ಲಿ ಕಲಿತರು. ಆಮೇಲೆ ಕರೆಂಟು ಇದ್ದಷ್ಟು ಹೊತ್ತೂ ಆಟವೇ. ‘ಕುಣಿಗಲ್ ಆಟ’ ಬಿಟ್ಟು ಇನ್ನೊಂದನ್ನು ತೆರೆದವರಲ್ಲ. ನಾನು ಮನೆಗೆ ಬಂದು ಬ್ಯಾಗು ಇಡುವ ಮೊದಲೇ ದೂರು ಕಾದಿರುತ್ತಿತ್ತು.

“ನಿನ್ನ ಕಂಪ್ಯೂಟ್ರು ಮೋಸ ಮಾಡ್ತದೆ. ನನ್ನ ಕಾಯಿನೇ ಹುಡಿಕ್ಕೊಂಡು ಬಂದು ಕಡೀತದೆ.”

“ಅದಕ್ಕೆ ಮೋಸ ಬರಲ್ಲ ಅತ್ತೆ. ನಾನೇ ಬರೆದಿರೋದು.”

“ನೀನೇ ಬರೆದಿರೋದಕ್ಕೇ ಹೇಳ್ತಿರೋದು.”

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನಾನು ಆ ಆಟವನ್ನು ಅತ್ತೆಗಾಗಿ ಮಾತ್ರ ಜೀವಂತ ಇಟ್ಟಿದ್ದೆ. ಕಾಲೇಜಿನಲ್ಲಿ ಕೆಲಸ ಬೆಳೆದಿತ್ತು. ಹುಡುಗರ ಅಂಕ ಕಂಪ್ಯೂಟರಿಗೆ ಏರಿಸುವುದು, ನೆಟ್‌ವರ್ಕ್ ಕೆಟ್ಟರೆ ಓಡುವುದು, ಅಡ್ಮಿಷನ್ ಕಾಲದಲ್ಲಿ ಕೌಂಟರ್‌ನಲ್ಲಿ ಕೂರುವುದು. ಕತ್ತು ತಿರುಗಿಸಿದರೆ ಕಟಕಟ ಎನ್ನುತ್ತಿತ್ತು. ಆಟಕ್ಕೂ ವಯಸ್ಸಾಗಿತ್ತು. ಹಳೇ ಸೀರೆಗೆ ಹೊಲಿಗೆ ಹಾಕಿದ ಹಾಗೆ, ಹೊಲಿದ ಕಡೆ ಬಿಟ್ಟು ಪಕ್ಕದಲ್ಲಿ ಹರಿಯುತ್ತಿತ್ತು. ನಾನೇ ಬರೆದ ಸಾಲುಗಳನ್ನು ನೋಡಿ, ಇದನ್ನು ಯಾಕೆ ಹೀಗೆ ಬರೆದೆ ಎಂದು ಅರ್ಥವಾಗದೆ ಕೂರುತ್ತಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ ಸಿಡಿಲು ಬಡಿದು ಮನೆಯ ಕಂಪ್ಯೂಟರ್ ಸುಟ್ಟುಹೋಯಿತು. ರಿಪೇರಿಯವನು ಬಿಚ್ಚಿ ನೋಡಿ, ಮೂಸಿ, ತಲೆಯಾಡಿಸಿದ. ಹೊಸದು ತಂದೆವು. ಅದರಲ್ಲಿ ನನ್ನ ಆಟ ಒಂದು ಸಲ ಮಿಂಚಿ ಮುಚ್ಚಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್‌ಗಳು ಆ ಕಾಲದ ಪ್ರೋಗ್ರಾಂಗಳನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ತೇಪೆ ಹಾಕಿದರೆ ಆಗದು, ತಳಪಾಯದಿಂದ ಮತ್ತೆ ಬರೆಯಬೇಕು. ಹಿಂದೆ ಆಗಿದ್ದರೆ ಸೆರಗು ಕಟ್ಟಿ ಕೂರುತ್ತಿದ್ದೆ.

“ನನ್ನ ಆಟ ಯಾವಾಗ ಬರ್ತದೆ?” ಎಂದು ಅತ್ತೆ ಕೇಳುತ್ತಿದ್ದರು. “ಬರೋ ಭಾನುವಾರ” ಎನ್ನುತ್ತಿದ್ದೆ. ಮಳೆಗಾಲವಿಡೀ ಭಾನುವಾರಗಳು ಬಂದವು, ಹೋದವು. ಕೂತೆ, ಸ್ವಲ್ಪ ಬರೆದೆ, ಅಳಿಸಿದೆ. ಕೊನೆಗೊಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ಮುಂದೆ ಕೂತವಳಿಗೆ ಕೀಬೋರ್ಡ್ ಮೇಲೆ ಕೈ ಇಡುವುದಕ್ಕೇ ಆಗಲಿಲ್ಲ. ಕೈಗೆ ಏನೂ ಆಗಿರಲಿಲ್ಲ. ಸಾಕಾಗಿತ್ತು, ಅಷ್ಟೇ. ಕಾಫಿ ಆರಿಹೋಯಿತು. ಆಟದ ಪುಟದಲ್ಲಿ ಎರಡು ಸಾಲು ಬರೆದೆ: ಇನ್ನು ಮುಂದೆ ಈ ಆಟವನ್ನು ನಾನು ನೋಡಿಕೊಳ್ಳಲಾರೆ. ಯಾರಾದರೂ ವಹಿಸಿಕೊಳ್ಳುವುದಾದರೆ ಎಲ್ಲವನ್ನೂ ಕೊಡುತ್ತೇನೆ.

ಗಂಡ ಓದಿ, “ಸದ್ಯ, ಈಗಲಾದ್ರೂ ಬುದ್ಧಿ ಬಂತು” ಎಂದರು. ಸ್ವಲ್ಪ ತಡೆದು, “ಅಮ್ಮಂಗೆ ಏನ್ ಹೇಳ್ತೀಯ?” ಎಂದರು.

ಅಮ್ಮಂಗೆ ನಾನೇ ಹೇಳಬೇಕಾಯಿತು. ಮಂಚದ ಪಕ್ಕ ಕೂತು, ಆಟ ಇನ್ನು ಬರಲ್ಲ ಅತ್ತೆ, ನನ್ನ ಕೈಲಿ ಆಗ್ತಿಲ್ಲ ಎಂದೆ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು.

“ನಿನಗೆ ಸಾಕಾದ್ರೆ ನಂಗೂ ಸಾಕಾಗ್ಬೇಕಾ?” ಎಂದರು. “ಅದು ನನ್ನ ಆಟ ಕಣೇ. ಇನ್ನೇನದೆ ನಂಗೆ?”

ಆಮೇಲೆ ಗೋಡೆ ಕಡೆ ತಿರುಗಿಕೊಂಡರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅಳುವಿನ ಜೊತೆಗೆ ಸಿಟ್ಟೂ ಬಂತು. ಕಾಣದ ಊರುಗಳ ಜನಕ್ಕೆಲ್ಲ ಒಟ್ಟಿಗೆ ಇಲ್ಲ ಎನ್ನುವುದು ಸುಲಭವಾಗಿತ್ತು, ಹಜಾರದಲ್ಲಿರುವ ಒಬ್ಬರಿಗೆ ಹಾಗೆನ್ನುವುದು ಸಂಕಟವಾಗಿತ್ತು. ಆದರೂ ಹೇಳಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿ ಕೂಡ ಇರಲಿಲ್ಲ. ಅತ್ತೆ ನನ್ನ ಜೊತೆ ಬೇಕಾದಷ್ಟೇ ಮಾತು ಆಡತೊಡಗಿದರು. ಸಾಂಬಾರಿಗೆ ಉಪ್ಪು ಕಡಿಮೆಯಾದರೂ ಬೈಯದೆ ಉಣ್ಣುತ್ತಿದ್ದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಆಟ ವಹಿಸಿಕೊಳ್ಳುತ್ತೇನೆಂದು ಬರೆದವರು ಒಬ್ಬರೇ. ‘ಮೇಡಂ, ಮತ್ತೆ ನಾನೇ.’

ಫೋನಿನಲ್ಲಿ ಮಾತಾಡಿದೆವು. ಮಂಡ್ಯದವರ ದನಿ ಅವರ ಮೇಲ್‌ಗಿಂತ ಬಹಳ ಮೆದು. ಬ್ಯಾಂಕಿನಲ್ಲಿ ಕೂತುಕೂತೇ ಪ್ರೋಗ್ರಾಂ ಬರೆಯುವುದು ಕಲಿತರಂತೆ. ಹೊಸದಾಗಿ ಬರೆಯುತ್ತೇನೆ, ಆದರೆ ಯಾವ ನಿಯಮ ಯಾವ ಊರಿನದು ಎಂದು ನೀವು ಖಚಿತ ಮಾಡಿ ಹೇಳಬೇಕು ಎಂದರು. “ಆ ಸಮಾಧಾನದ ಗರದ್ದು ಮಾತ್ರ, ಮೇಡಂ, ಒಂದ್ಸಲ ಊರಲ್ಲಿ ಕೇಳಿಬಿಡಿ” ಎಂದರು. ಕೇಳಿಯೇ ಬಿಡುತ್ತೇನೆ, ಇವರ ಬಾಯಿ ಮುಚ್ಚಿಸಿ ಹೋಗುತ್ತೇನೆ ಎಂದು ಗುಬ್ಬಿಯ ಬಸ್ಸು ಹತ್ತಿದೆ.

ಅಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡು ಕೂತೆ.

“ಅಮ್ಮ, ಸಮಾಧಾನದ ಗರ ಇಡೀ ಗುಬ್ಬೀಲಿ ಇತ್ತಾ, ನಮ್ಮ ಬೀದೀಲಿ ಮಾತ್ರಾನಾ?”

“ಅದ್ಯಾವ ಗರ?”

ಬಿಡಿಸಿ ಹೇಳಿದೆ. ಅಮ್ಮನಿಗೆ ನೆನಪಾಗಿ ನಗು ಬಂತು. ಮಡಿಲಲ್ಲಿದ್ದ ಕಾಳು ಚೆಲ್ಲುವಷ್ಟು ನಕ್ಕಳು.

“ಅಯ್ಯೋ, ಅದು ನಿನಗೋಸ್ಕರ ಮಾಡಿದ್ದು ಕಣೇ. ನಿನ್ನ ಕಾಯಿ ಕಡಿದ್ರೆ ಸಾಕು, ಬರೆದಿದ್ದ ಮನೆ ಎಲ್ಲಾ ಅಳಿಸಿ, ಊಟ ಬಿಟ್ಟು, ಬಾಗಿಲ ಹಿಂದೆ ನಿಂತ್ಕೊಂಡು ಅಳ್ತಿದ್ದೆ. ನಿಮ್ಮಪ್ಪನೇ ಹೇಳಿದ್ದು, ಮಗೀಗೆ ಇನ್ನೊಂದು ಗರ ಕೊಡು, ಸುಮ್ನೆ ಕೊಟ್ರೆ ಅವಳು ತಗೊಳಲ್ಲ, ಅದಕ್ಕೊಂದು ಹೆಸರಿಡು, ರೂಲ್ಸು ಅಂದ್ರೆ ಒಪ್ಕೋತಾಳೆ ಅಂತ.”

“ಬೇರೆ ಯಾರಿಗೂ ಕೊಡ್ತಿರಲಿಲ್ವಾ?”

“ಬೇರೆ ಯಾರು ಅಳ್ತಿದ್ರು?”

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ಊರಿನ ಮಾನ ಕಾಯುತ್ತಿದ್ದೇನೆ ಎಂದುಕೊಂಡು ಇಷ್ಟು ವರ್ಷ ಊರೂರಿನವರ ಜೊತೆ ಜಗಳವಾಡಿದ್ದೆ. ಎಷ್ಟೋ ಮನೆಗಳಲ್ಲಿ ಎಷ್ಟೋ ಜನ, ನಾನು ಊಟ ಮಾಡಲಿ ಎಂದು ನನ್ನ ಅಪ್ಪ ಹೂಡಿದ ಉಪಾಯವನ್ನು ಗುಬ್ಬಿಯ ಸಂಪ್ರದಾಯ ಎಂದು ಆಡಿದ್ದರು. ಅಪ್ಪ ಇರಲಿಲ್ಲ. ಇದ್ದಿದ್ದರೆ ತುಂಬ ನಗುತ್ತಿದ್ದರು. ಅವರನ್ನು ನೆನೆದು ಕಿಟಕಿ ಕಡೆ ಮುಖ ಮಾಡಿಕೊಂಡೆ.

ಮನೆಗೆ ಬಂದು ಮಂಡ್ಯಕ್ಕೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

“ಹಾಗಾದ್ರೆ ತೆಗೆದುಬಿಡ್ಲಾ ಮೇಡಂ?”

“ತೆಗೀರಿ.”

“ಗೆದ್ದೆ ಅಂತ ಖುಷಿನೇ ಆಗ್ತಿಲ್ಲ ನೋಡಿ” ಎಂದರು ಪಾಪ. ಫೋನ್ ಇಟ್ಟೆ. ಆಟ ನನ್ನ ಕೈಬಿಟ್ಟು ಹೋಯಿತು. ಹಗುರಾಗುತ್ತೇನೆ ಎಂದುಕೊಂಡಿದ್ದೆ, ನಿದ್ದೆ ಬರುವ ಹಾಗಾಯಿತು. ನಾನು ಫೋನಿನಲ್ಲಿ ಹೇಳಿದ್ದೆಲ್ಲ ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಅತ್ತೆಗೆ ಕೇಳಿಸಿತ್ತು. ಹೊದಿಕೆಯೊಳಗೆ ಭುಜ ನಗುವಿಗೆ ಕುಲುಕುತ್ತಿತ್ತು.

ಮಂಡ್ಯದವರು ಕೊಟ್ಟ ಮಾತು ಉಳಿಸಿಕೊಂಡರು. ಬೇಸಿಗೆಯ ಹೊತ್ತಿಗೆ ಹೊಸ ಆಟ ಬಂತು. ನೋಡಲು ಚಂದ, ಕನ್ನಡ ಅಕ್ಷರಗಳು ದುಂಡಗೆ, ‘ಹಾ’ದ ಸುರುಳಿಯೂ ಸರಿ. ಎಲ್ಲವೂ ಮೌಸ್‌ನಲ್ಲಿ. ಆಸೆಯಿಂದ ಅತ್ತೆಯನ್ನು ಕೂರಿಸಿದೆ. ಎಡಗೈಗೆ ಪರದೆಯ ಮೇಲಿನ ಬಾಣದ ಗುರುತು ಸಿಗಲಿಲ್ಲ. ಅವರು ಅಟ್ಟಿಸಿಕೊಂಡು ಹೋದಷ್ಟೂ ಓಡಿತು. ಮಂಡ್ಯಕ್ಕೆ ಬರೆದು ಸ್ಪೇಸ್‌ಬಾರ್ ಕೇಳಬಹುದಿತ್ತು. ಇನ್ನೊಬ್ಬರ ಭಾನುವಾರ ಕೇಳುವುದು ಏನೆಂದು ಗೊತ್ತಿದ್ದರಿಂದ ಕೇಳಲಿಲ್ಲ. ಅತ್ತೆ ಮೌಸನ್ನು ಪಕ್ಕಕ್ಕೆ ತಳ್ಳಿ, “ಬುಡು, ಇದು ನಂದಲ್ಲ” ಎಂದು ಮಂಚಕ್ಕೆ ಹೋದರು.

ಮುಂದಿನ ಭಾನುವಾರ ನನಗೆ ಮಾಡಲು ಏನೂ ಇರಲಿಲ್ಲ. ಮೌಲ್ಯಮಾಪನದ ಕೆಲಸ ಮುಗಿಸಿ ಬಂದ ದಣಿವು ಮೈಯಲ್ಲಿತ್ತು. ಊಟದ ಮೇಲೆ ಅಡು‌ಗೆಮನೆಯಲ್ಲಿ ಅಕ್ಕಿ ಆರಿಸಿ ಮೊರವನ್ನು ಗೋಡೆಗೆ ಒರಗಿಸುತ್ತಿದ್ದವಳು ಹಾಗೇ ನಿಂತೆ. ಮೊರಕ್ಕೆ ಮೂರು ಕಡೆ ಅಂಚಿದೆ. ಅದರೊಳಗೆ ಎಸೆದರೆ ಬೀಜ ಎಲ್ಲಿಗೆ ಹೋಗುತ್ತದೆ? ಒಂದೇ ಕೀ ಸಾಕಾಗುವ ಪ್ರೋಗ್ರಾಂ ಬರೆದವಳಿಗೆ, ದಿನಾ ಕೈಯಲ್ಲಿ ಹಿಡಿಯುವ ಮೊರ ಇಷ್ಟು ವರ್ಷ ಹೊಳೆದಿರಲಿಲ್ಲ. ನನ್ನ ಮೇಲೇ ನನಗೆ ರೇಗಿತು.

ಮಂಚದ ಪಕ್ಕ ಸ್ಟೂಲು ಎಳೆದು, ಅದರ ಮೇಲೆ ಹಲಗೆ ಇಟ್ಟು, ಸೀಮೆಸುಣ್ಣದಲ್ಲಿ ಮನೆ ಬರೆದೆ. ಮೊರವನ್ನು ಅತ್ತೆಯ ಮಡಿಲ ಮೇಲಿಟ್ಟೆ. ಅವರು ನನ್ನ ಮುಖ ನೋಡಿ, ದಿಂಬಿನ ಕೆಳಗೆ ಕೈ ಹಾಕಿ ಡಬ್ಬಿ ತೆಗೆದರು.

“ಕುಣಿಗಲ್ ಆಟ” ಎಂದರು.

“ಕುಣಿಗಲ್ ಆಟವೇ” ಎಂದೆ.

ಒಂದೊಂದು ಬೀಜ ತೆರೆದ ಕಡೆಯಿಂದ ಜಾರಿ ಬೀಳುತ್ತಿತ್ತು, ಬಗ್ಗಿ ಎತ್ತಿಕೊಡುತ್ತಿದ್ದೆ. ಅತ್ತೆ ಎಡಗೈಯಲ್ಲೂ ಬಾರ ಹಾಕಿದರು. ನನ್ನ ಒಂದು ಕಾಯಿ ಕಡಿದರು, ಇನ್ನೊಂದು ಕಡಿದರು. ಮೂರನೆಯದು ಒಳಸುತ್ತಿನ ಬಾಗಿಲಲ್ಲಿತ್ತು, ಅದನ್ನೂ ಕಡಿದರು. ನಾನು ಕಾಯಿಯನ್ನು ಎತ್ತಿ ಮೊದಲಿನ ಮನೆಗೆ ಇಟ್ಟೆ. ದಣಿವಿಗೆ ಕಣ್ಣು ಎಳೆಯುತ್ತಿತ್ತು. ಕಡಿದವರಿಗೆ ಇನ್ನೊಂದು ಗರ ಇರುತ್ತದೆ, ಅವರು ಹಾಕಲಿ ಎಂದು ಕಾದೆ. ಅತ್ತೆ ಹಾಕಲಿಲ್ಲ. ಬೀಜಗಳನ್ನು ಮೊರದಲ್ಲಿ ಒಟ್ಟು ಮಾಡಿ, ಎಡಗೈಯಿಂದ ಮೊರವನ್ನು ನನ್ನ ಕಡೆ ತಳ್ಳಿದರು.

“ಹಾಕು.”

“ನಿಮ್ದು ಅತ್ತೆ. ಇದು ಕುಣಿಗಲ್ ಆಟ.”

“ಗೊತ್ತು ಕಣೇ. ಸುಮ್ನೆ ಹಾಕು. ಮುಖ ನೋಡ್ಕೊ, ಹೆಂಗಾಗದೆ.”

ಕಣ್ಣು ಮಂಜಾಗಿ ಬೀಜ ಸರಿಯಾಗಿ ಕಾಣಲಿಲ್ಲ. ಕುಲುಕಿ ಎಸೆದೆ. ಒಂದು ಬಿತ್ತು. ಕಾಯಿಯನ್ನು ಒಂದು ಮನೆ ಮುಂದಿಟ್ಟೆ. ಅತ್ತೆ ಮೊರ ಎಳೆದುಕೊಂಡು, ತಮ್ಮ ಗರ ಹಾಕಿ, ಅದೇ ಕಾಯಿಯನ್ನು ಕಡಿದರು.